ಮಸಿಯ ಜೀವಿಕೆ ಮತ್ತು ಶಾಸ್ತ್ರದಾನ

ಕರ್ಮಭೂಮಿಯ ಆರಂಭದಲ್ಲಿ ಭಗವಾನ್ ಆದಿನಾಥರು ಪ್ರಜೆಗಳಿಗೆ ಬೋಧಿಸಿದ ಷಟ್ಕರ್ಮಗಳು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ. ಮಸಿಯೆಂದರೆ ಬರವಣಿಗೆ. ವಾಣಿಜ್ಯದಂತೆ ಅದೂ ಶ್ರಾವಕನಿಗೆ ಸಲ್ಲುವ ಜೀವನೋಪಾಯ. ಆದರೂ ಧರ್ಮವಿಷಯವನ್ನು ಬರೆಯುವವನು ಪ್ರತಿಫಲ ಪಡೆಯಬಾರದೆಂಬ ಭಾವನೆ ಸಮಾಜದಲ್ಲಿ ಉಂಟು. ಚರಿತ್ರೆ ಇದನ್ನು ಸಮರ್ಥಿಸುವುದಿಲ್ಲ.

ಚಾವುಂಡರಾಯನು ಗಂಗರ ಮಂತ್ರಿ, ಸೇನಾನಿ. ಅವನ ಜೀವನ ನಡೆದುದು ರಾಜಸೇವೆಯಿಂದ, ಕ್ರಿ.ಶ. 978ರಲ್ಲಿ ತ್ರಿಷಷ್ಟಿ ಶಲಾಕಾಪುರುಷರ ಚರಿತೆಯನ್ನು ಕನ್ನಡ ಗದ್ಯದಲ್ಲಿ ಬರೆದುದು ಧರ್ಮಶ್ರದ್ಧೆಯಿಂದ. ರನ್ನನಾದರೋ ಮುದುವೊಳಲಿನ ಬಳೆಗಾರರ ಮನೆತನದವನು. ಕುಲವೃತ್ತಿಯನ್ನು ಬಿಟ್ಟು ಕಾವ್ಯವನ್ನೇ ಆಶ್ರಯಿಸಿ, ಚಾಳುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿ ಎನಿಸಿದನು. ದಾನಚಿಂತಾಮಣಿ ಅತ್ತಿಮಬ್ಬೆಯ ಪೋಷಣೆಯಲ್ಲಿ 993ರಲ್ಲಿ ಅಜಿತ ತೀರ್ಥಂಕರರ ಪುರಾಣವನ್ನು ರಚಿಸಿದನು. ಪೋಷಣೆ ಪಡೆದನೆಂದು ಆ ಕೃತಿಯ ಪಾವಿತ್ರ್ಯ ಕುಂದಲಿಲ್ಲ.

ಅದೇ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ತನ್ನ ವೆಚ್ಚದಲ್ಲಿ ಬರೆಯಿಸಿ ಹಂಚಿದಳು. ಓಲೆಗರಿಯ ಮೇಲೆ ಒಂದೊಂದು ಅಕ್ಷರವನ್ನೂ ಕೈಯಿಂದ ಕೊರೆಯಬೇಕಾಗಿದ್ದ ಕಾಲವದು. ಶಾಸ್ತ್ರದಾನವೆಂದರೆ ದಾನಿಯು ತನ್ನ ಧನವನ್ನು ವ್ಯಯಿಸುವುದೇ ಹೊರತು ಪರರ ಶ್ರಮವನ್ನು ದಾನವೆಂದು ಬರೆದುಕೊಳ್ಳುವುದಲ್ಲ.

ಇಂದು ಸ್ಮರಣ ಸಂಚಿಕೆಯ ಖರ್ಚಿನ ಪಟ್ಟಿಯಲ್ಲಿ ಕಾಗದದ ಬೆಲೆಯುಂಟು, ಅಚ್ಚಿನ ಕೂಲಿಯುಂಟು, ರಟ್ಟು ಕಟ್ಟಿದವನ ಮಜೂರಿಯುಂಟು. ಎಷ್ಟೋ ವೇಳೆ ಬರೆದವನಿಗೆ ಶಾಲು, ಹಾರ ಮಾತ್ರ. ಹವ್ಯಾಸಕ್ಕಾಗಿ ಬರೆಯುವವನು ಸಂತೋಷದಿಂದ ಕೊಟ್ಟರೆ ಅದು ದಾನ, ಕೃತಜ್ಞತೆಯಿಂದ ಸ್ವೀಕರಿಸಬೇಕು. ಬರವಣಿಗೆಯಿಂದಲೇ ಸಂಸಾರ ಸಾಗಿಸುವವನು ಸಂಕೋಚದಿಂದ ಬಾಯಿಬಿಟ್ಟು ಕೇಳಲಾರನು. ಅವನ ಮೌನವನ್ನೇ ಸಮ್ಮತಿಯೆಂದು ತಿಳಿದು ಸಂಭಾವನೆಯನ್ನು ಉಳಿಸಿಕೊಂಡರೆ, ಅದು ಕೊಡದುದನ್ನು ತೆಗೆದುಕೊಂಡಂತೆ. ಅಚೌರ್ಯಾಣುವ್ರತವನ್ನು ಸ್ವೀಕರಿಸಿದ ಸಮಾಜಕ್ಕೆ ಇಷ್ಟು ಲೆಕ್ಕ ತಿಳಿದಿರಬೇಕು.