ಪಾಣೆಮಂಗಳೂರು ಸೇತುವೆ ಮತ್ತು ಲಿನಕ್ಸ್‌ನ ಬೀಗ

ನಮ್ಮ ಮಾಣಿಯಿಂದ ಬಿ.ಸಿ.ರೋಡಿಗೆ ಹೋಗುವವರಿಗೆ ಪಾಣೆಮಂಗಳೂರಿನ ಹಳೆ ಸೇತುವೆ ಗೊತ್ತು. ನೇತ್ರಾವತಿಯ ಮೇಲಿನ ಆ ಸಪೂರ ಸೇತುವೆಗೆ ಒಂದು ಕಾಲದಲ್ಲಿ ಆಚೆಯಿಂದ ಲಾರಿ ಹತ್ತಿತೆಂದರೆ ಈಚೆಯವರು ಕಾಯಲೇಬೇಕಿತ್ತು. ಲಿನಕ್ಸ್ ಕರ್ನಲ್‌ನಲ್ಲೂ ಅಂಥದ್ದೊಂದಿತ್ತು: ಡಿಕ್ಯಾಶ್ ಲಾಕ್.

ಡಿಸ್ಕಿನಲ್ಲಿರುವ ಫೈಲುಗಳ ಹೆಸರನ್ನು ಕರ್ನಲ್ ಮೆಮೊರಿಯಲ್ಲಿ ನೆನಪಿಟ್ಟುಕೊಳ್ಳುತ್ತದೆ. 2.4ರ ಕಾಲದಲ್ಲಿ ಆ ಇಡೀ ಪಟ್ಟಿಗೆ ಒಂದೇ ಬೀಗ. ಎಂಟು ಪ್ರೊಸೆಸರ್ ಒಟ್ಟಿಗೇ ಹುಡುಕಲು ಬಂದರೆ ಏಳು ಸಾಲಿನಲ್ಲಿ ನಿಲ್ಲಬೇಕು.

ಇದನ್ನು ಬಿಡಿಸಿದವರಲ್ಲಿ ಬೆಂಗಳೂರಿನ ಐಬಿಎಂ ಲಿನಕ್ಸ್ ಟೆಕ್ನಾಲಜಿ ಸೆಂಟರ್‌ನ ದೀಪಂಕರ್ ಸರ್ಮಾ, ಮನೀಶ್ ಸೋನಿ ಇದ್ದರು. ಬರೇ ಓದುವವರು ಬೀಗ ಹಿಡಿಯುವುದೇ ಬೇಡ ಎನ್ನುವ ಆರ್‌ಸಿಯು ತಂತ್ರ 2002ರ ಅಕ್ಟೋಬರ್‌ನಲ್ಲಿ ಕರ್ನಲ್ ಸೇರಿತು. 2003ರಲ್ಲಿ ಡಿಕ್ಯಾಶ್‌ಗೂ ಬಂತು.

ಆದರೆ ಬೀಗ ತೆಗೆದ ಮೇಲೆ ಬೇರೆ ತಲೆನೋವು. ಹುಡುಕುತ್ತಿರುವಾಗಲೇ ಯಾರೋ ಒಂದು ಫೈಲನ್ನು ರಿನೇಮ್ ಮಾಡಿದರೆ? ಇರುವ ಫೈಲೇ ‘ಇಲ್ಲ’ ಎಂದಾಗಬಹುದು. ಮದ್ದು ಸರಳ: ರಿನೇಮ್‌ಗಳಿಗೊಂದು ಎಣಿಕೆ ಇಡುವುದು. ಹುಡುಕುವ ಮೊದಲು ಎಣಿಕೆ ನೋಡಿಕೋ. ಫೈಲು ಸಿಗಲಿಲ್ಲವಾ, ಎಣಿಕೆ ಮತ್ತೆ ನೋಡು. ಬದಲಾಗಿದ್ದರೆ ಇನ್ನೊಮ್ಮೆ ಹುಡುಕು.

ಹಳೆ ಬೀಗ ಪೂರ್ತಿ ಹೋದದ್ದು 2011ರ ಮಾರ್ಚ್‌ನಲ್ಲಿ, ನಿಕ್ ಪಿಗಿನ್ ಕೆಲಸದಿಂದ, 2.6.38ರಲ್ಲಿ.

ಊರಿಗೆ ಹೋದಾಗಲೆಲ್ಲ ಅಮ್ಮ ಕೇಳುತ್ತಾರೆ, “ನೀನು ಅಲ್ಲಿ ಮಾಡುವುದೆಂಥದ್ದು ಮಾರಾಯ?” ಅವರ ಆಂಡ್ರಾಯ್ಡ್ ಫೋನಿನೊಳಗೂ ಇರುವುದು ಲಿನಕ್ಸೇ. ಮೊಮ್ಮಗಳ ಫೋಟೊ ಹುಡುಕಿದಾಗ ಅದು ಸಿಗುತ್ತದಲ್ಲ, ಅಷ್ಟೇ. ಇಂಥ ಕೆಲಸ ಸರಿಯಾದರೆ ಯಾರಿಗೂ ಗೊತ್ತಾಗುವುದಿಲ್ಲ. ಮಾಡಿದವರ ಹೆಸರಾದರೂ ನಮಗೆ ಗೊತ್ತಿರಲಿ.