ಸ್ಮಾರಕದ ಹಿಂಬದಿ

ಹಲವು ವರ್ಷಗಳ ಹಿಂದಿನ ಮಾತು. ಹತ್ತನೆಯ ತರಗತಿಯ ಹುಡುಗನೊಬ್ಬ ಇತಿಹಾಸದ ನೋಟ್‌ಪುಸ್ತಕದ ರಟ್ಟಿಗೆ ಯಾವುದೋ ಸಂಗೀತ ತಂಡದ ತಲೆಬುರುಡೆಯ ಚಿತ್ರ ಅಂಟಿಸಿಕೊಂಡು ಬಂದಿದ್ದ. "ಇದೇನು ಸಂಗೀತವೋ, ಸ್ಮಶಾನವೋ?" ಎಂದು ಇಡೀ ತರಗತಿಯ ಎದುರು ಗದರಿದೆ. ಎಲ್ಲರೂ ನಕ್ಕರು, ಅವನು ತಲೆ ತಗ್ಗಿಸಿದ. ಕಳೆದ ತಿಂಗಳು ಅದೇ ಹುಡುಗ ಮನೆಗೆ ಬಂದಿದ್ದ. ಹೊರಡುವಾಗ ಒಂದು ಸಿ.ಡಿ.ಯನ್ನು ಕೈಗಿತ್ತು, "ಸಾರ್, ಹಾಡು ಆಮೇಲೆ ಕೇಳಿ, ಮೊದಲು ಮುಖಪುಟ ನೋಡಿ. ನಿಮ್ಮ ಪಾಠದ್ದೇ" ಎಂದ.

ಇಂಗ್ಲೆಂಡಿನ ಕವೆಂಟ್ರಿ ನಗರದ 'ಬೋಲ್ಟ್ ಥ್ರೋವರ್' ಎಂಬ ಡೆತ್ ಮೆಟಲ್ ತಂಡ 2005ರಲ್ಲಿ ಹೊರತಂದ ಆ ಆಲ್ಬಂನ ಹೆಸರು 'ದೋಸ್ ಒನ್ಸ್ ಲಾಯಲ್'. ಒಂದು ಕಾಲದಲ್ಲಿ ನಿಷ್ಠರಾಗಿದ್ದವರು ಎಂದರ್ಥ. ಮುಖಪುಟಕ್ಕೆ ಆಧಾರ ಲಂಡನ್ನಿನ ಗಾರ್ಡ್ಸ್ ಸ್ಮಾರಕದ ಒಂದು ಉಬ್ಬುಶಿಲ್ಪ. ಮೊದಲ ಮಹಾಯುದ್ಧದಲ್ಲಿ ಮಡಿದವರಿಗಾಗಿ 1926ರಲ್ಲಿ ಅನಾವರಣಗೊಂಡ ಈ ಸ್ಮಾರಕದ ಮುಂಭಾಗದಲ್ಲಿ ಐವರು ಕಂಚಿನ ಸೈನಿಕರು ನೆಟ್ಟಗೆ ನಿಂತಿದ್ದಾರೆ. ಹಿಂಭಾಗದ ಫಲಕದಲ್ಲಿ ಅಂಥ ಗಾಂಭೀರ್ಯವಿಲ್ಲ. ಫಿರಂಗಿಯೊಂದರ ಸುತ್ತ ಬಾಗಿ ದುಡಿಯುತ್ತಿರುವ ಜನರಿದ್ದಾರೆ. ಶಿಲ್ಪಿ ಗಿಲ್ಬರ್ಟ್ ಲೆಡ್‌ವರ್ಡ್ ಸ್ವತಃ ಆ ಯುದ್ಧದಲ್ಲಿ ಫಿರಂಗಿದಳದಲ್ಲಿದ್ದವರು. ಈ ತಂಡದವರು ಆರಿಸಿಕೊಂಡದ್ದು ಆ ಹಿಂಬದಿಯನ್ನು.

ಡೆತ್ ಮೆಟಲ್ ಎಂಬ ಪ್ರಕಾರ 1980ರ ದಶಕದ ನಡುವಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯ, ಫ್ಲಾರಿಡಾಗಳಲ್ಲಿ ರೂಪುಗೊಂಡಿತು. ಆದರೆ ಅದರ ತಾಯಿಬೇರು ಕವೆಂಟ್ರಿಯ ನೆರೆಯ ಬರ್ಮಿಂಗ್‌ಹ್ಯಾಮಿನಲ್ಲಿದೆ. 'ಬ್ಲ್ಯಾಕ್ ಸಬ್ಬತ್' ತಂಡದ ಗಿಟಾರ್‌ವಾದಕ ಟೋನಿ ಐಯೊಮ್ಮಿ ಯುವಕನಾಗಿದ್ದಾಗ ಲೋಹದ ತಗಡಿನ ಕಾರ್ಖಾನೆಯಲ್ಲಿ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿಯನ್ನು ಕಳೆದುಕೊಂಡರು. ಮುಂದೆ ತಂತಿಗಳನ್ನು ಸಡಿಲಿಸಿ, ಶ್ರುತಿ ಇಳಿಸಿ ನುಡಿಸತೊಡಗಿದರು. ಆ ಭಾರವಾದ ನಾದವೇ ಮುಂದಿನವರಿಗೆ ಹಾದಿಯಾಯಿತು. ಇನ್ನು ಕವೆಂಟ್ರಿ, 1940ರ ನವೆಂಬರ್ 14ರ ರಾತ್ರಿ ಜರ್ಮನ್ ಬಾಂಬುಗಳಿಗೆ ಸಿಕ್ಕಿ ಐನೂರಕ್ಕೂ ಹೆಚ್ಚು ಜನರನ್ನೂ ತನ್ನ ಪುರಾತನ ಕೆಥೆಡ್ರಲನ್ನೂ ಕಳೆದುಕೊಂಡ ಊರು. 1986ರಲ್ಲಿ ಅಲ್ಲಿ ಹುಟ್ಟಿದ ತಂಡವೊಂದು ಯುದ್ಧವನ್ನೇ ತನ್ನ ವಸ್ತುವಾಗಿಸಿಕೊಂಡದ್ದು ನನಗೆ ಅಚ್ಚರಿಯೆನಿಸಲಿಲ್ಲ.

ಮೊದಲ ಸಲ ಕೇಳಿದಾಗ ಹಿಟ್ಟಿನ ಗಿರಣಿಯೊಳಗೆ ಕುಳಿತಂತಾಯಿತು. ಒಂದು ಮಾತೂ ತಿಳಿಯಲಿಲ್ಲ. ನನ್ನಾಕೆ ಬಾಗಿಲು ಮುಚ್ಚಿಕೊಂಡಳು. ಎರಡನೆಯ ಸಲ ಹಾಡುಗಳ ಸಾಹಿತ್ಯವನ್ನು ಎದುರಿಗಿಟ್ಟುಕೊಂಡು ಕುಳಿತೆ. ಮೂರನೆಯ ಸಲ ಕಿವಿಗೆ ದಾರಿ ದೊರೆಯಿತು. ಈ ಪ್ರಕಾರದ ಅನೇಕರು ಅತಿದ್ರುತಕ್ಕೆ ಒಲಿದವರು. ಇವರದು ಹೆಚ್ಚಾಗಿ ಮಧ್ಯಮ ಕಾಲ, ದಣಿದ ಸೈನ್ಯದ ನಡಿಗೆ. ಎರಡು ಗಿಟಾರ್‌ಗಳು ಒಂದೇ ಸ್ವರಗುಚ್ಛವನ್ನು ಉಳುವ ಎತ್ತುಗಳಂತೆ ಎಳೆಯುತ್ತವೆ. ಜೋ ಬೆಂಚ್ ಎಂಬ ಮಹಿಳೆಯ ಬೇಸ್ ಗಿಟಾರ್ ತಳದಲ್ಲಿ ಗುಡುಗುತ್ತದೆ. ಡ್ರಮ್‌ವಾದಕನ ಎರಡೂ ಪಾದಗಳು ದೊಡ್ಡ ಡ್ರಮ್ಮನ್ನು ಎಡೆಬಿಡದೆ ಬಡಿಯುತ್ತವೆ. ಕಾರ್ಲ್ ವಿಲೆಟ್ಸ್ ಅವರ ಒಡಕು ಕಂಠ ಹಾಡುಗಾರನದೆನಿಸುವುದಿಲ್ಲ, ತೋಪಿನ ಸದ್ದಿನ ನಡುವೆ ಆಜ್ಞೆ ಕೂಗುವವನದೆನಿಸುತ್ತದೆ. ಮುಂಜಾವಿನ ಮೊದಲ ಬೆಳಕಿನ ಹೆಸರು ಹೊತ್ತ ಹಾಡಿನಿಂದ ತೊಡಗಿ, ತೋಪುಗಳು ಮೌನವಾಗುವ ಹೆಸರಿನ ಹಾಡಿನಲ್ಲಿ ಮುಗಿಯುವ ಒಂಬತ್ತು ರಚನೆಗಳಿವು. ಎಲ್ಲವೂ ನನಗೆ ಹಿಡಿಸಿದವೆನ್ನಲಾರೆ. ಎರಡು ಮೂರು ಒಂದೇ ತೆರನಾಗಿ ಕೇಳಿಸಿದವು.

ಆದರೂ ಕೇಳುತ್ತ ಕೇಳುತ್ತ ನನ್ನದೇ ಪಾಠ ನೆನಪಾಯಿತು. 1916ರ ಜುಲೈ 1ರಂದು, ಸೋಮ್ ಕದನದ ಮೊದಲ ದಿನವೇ ಬ್ರಿಟಿಷ್ ಸೇನೆಯ 19,240 ಮಂದಿ ಸತ್ತರೆಂದು ಬೋರ್ಡಿನ ಮೇಲೆ ಬರೆಯುತ್ತಿದ್ದೆ, ನೀವು ಬರೆದುಕೊಳ್ಳುತ್ತಿದ್ದಿರಿ. ಅದಕ್ಕೆ ಮುನ್ನ ಒಂದು ವಾರ ಬ್ರಿಟಿಷ್ ಫಿರಂಗಿಗಳು 15 ಲಕ್ಷಕ್ಕೂ ಹೆಚ್ಚು ಗುಂಡುಗಳನ್ನು ಸುರಿಸಿದ್ದವು. ಆ ಸದ್ದಿನಡಿ ಕಂದಕದಲ್ಲಿ ಕುಳಿತವನ ಎದೆ ಹೇಗೆ ಬಡಿದುಕೊಂಡಿರಬಹುದೆಂದು ನಾನು ನಿಮ್ಮನ್ನು ಒಮ್ಮೆಯೂ ಕೇಳಲಿಲ್ಲ. ದೆಹಲಿಯ ತೀನ್ ಮೂರ್ತಿಯ ಬಗ್ಗೆ ಹೆಮ್ಮೆಯಿಂದ ಹೇಳುತ್ತಿದ್ದೆ: 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದವರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಅಶ್ವದಳದವರೂ ಇದ್ದರು, ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು ಎಂದು. ಅಲ್ಲಿಯೂ ನೆಟ್ಟಗೆ ನಿಂತ ಪ್ರತಿಮೆಗಳೇ. ವೃತ್ತಿಯುದ್ದಕ್ಕೂ ನಾನು ಸ್ಮಾರಕಗಳ ಮುಂಭಾಗವನ್ನೇ ಪಾಠ ಮಾಡಿದೆ.

ಡ್ರಮ್ ನುಡಿಸಿದ ಮಾರ್ಟಿನ್ ಕರ್ನ್ಸ್ 2015ರ ಸೆಪ್ಟೆಂಬರ್ 14ರಂದು ಹಠಾತ್ತನೆ ತೀರಿಕೊಂಡರು. ಉಳಿದವರು ಅವರ ಜಾಗದಲ್ಲಿ ಬೇರೊಬ್ಬರನ್ನು ಕೂರಿಸಲಿಲ್ಲ; ಮರುವರ್ಷ ಅದೇ ದಿನ ತಂಡವನ್ನು ಮುಗಿಸಿದರು. ಹೀಗಾಗಿ ಇದೇ ಅವರ ಕೊನೆಯ ಆಲ್ಬಂ ಆಗಿ ಉಳಿಯಿತು. ಶೀರ್ಷಿಕೆಯಲ್ಲಿದ್ದ ನಿಷ್ಠೆಯನ್ನು ಅವರು ನಡೆದು ತೋರಿಸಿದರು.

ಆ ಹುಡುಗನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಂದು ಅವನ ಜೊತೆ ಕುಳಿತು ನಕ್ಕವರಲ್ಲಿ ಕೆಲವರು ಈ ಬರಹವನ್ನು ಓದುತ್ತಿರಬಹುದು. ಗದರಿದ್ದು ನಿಮ್ಮೆಲ್ಲರ ಎದುರು. ಆದ್ದರಿಂದ ತಪ್ಪೊಪ್ಪಿಗೆಯೂ ನಿಮ್ಮೆಲ್ಲರ ಎದುರೇ ಆಗಲಿ. ಕೇಳದೆಯೇ ತೀರ್ಪು ಕೊಟ್ಟೆನಪ್ಪಾ, ಕ್ಷಮಿಸು.