ಮಂದೆಯ ನಾಯಿ: ಕೆಲಸದಿಂದ ಬೆಳೆದ ತಳಿ



ಹೇಮಗಿರಿ ಜಾತ್ರೆಗೋ ಬೇಬಿಬೆಟ್ಟದ ದನಗಳ ಜಾತ್ರೆಗೋ ಹೋಗಿ ಒಂದು ಜೊತೆ ಎತ್ತು ಕೊಳ್ಳುವಾಗ ನಾವು ಎಷ್ಟೊಂದು ವಿಚಾರ ಮಾಡುತ್ತೇವೆ! ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತೇವೆ. "ಯಾರ ಮನೆ ಹಸುವಿನ ಕರು? ಯಾವ ಹೋರಿಗೆ ಹುಟ್ಟಿದ್ದು?" ಅಂತ ಕೇಳುತ್ತೇವೆ. ಆದರೆ ಕುರಿಹಟ್ಟಿಗೆ ನಾಯಿ ತರುವಾಗ ಈ ವಿಚಾರ ಯಾರು ಮಾಡುತ್ತಾರೆ? ಬೀದಿಯಲ್ಲಿ ಸಿಕ್ಕಿದ ಮರಿಗೆ ಹಗ್ಗ ಕಟ್ಟಿ ತಂದರೆ ಆಯಿತು. ಕೈಯಲ್ಲಿ ಕಾಸಿದ್ದವರು ಪಟ್ಟಣಕ್ಕೆ ಹೋಗಿ, "ಶುದ್ಧ ತಳಿ" ಅನ್ನುವ ಮಾತಿಗೆ ಮರುಳಾಗಿ, ಸಾವಿರಾರು ರೂಪಾಯಿ ತೆತ್ತು ವಿದೇಶೀ ಮರಿ ತರುವುದೂ ಉಂಟು. ಎರಡರಲ್ಲೂ ಕೇಳಬೇಕಾದ ಪ್ರಶ್ನೆಯನ್ನು ಕೇಳುವುದಿಲ್ಲ. ಈ ನಾಯಿಯ ತಂದೆತಾಯಿ ಮಾಡುತ್ತಿದ್ದ ಕೆಲಸವೇನು?

ಈ ಪ್ರಶ್ನೆ ಸಣ್ಣದಲ್ಲ. ನಾಗಮಂಗಲ, ಕೃಷ್ಣರಾಜಪೇಟೆಯ ಬೆದ್ದಲು ಸೀಮೆಯಲ್ಲಿ ಕುರಿಯೇ ಬಡವನ ಗಂಟು. ಪಾಂಡವಪುರ, ಶ್ರೀರಂಗಪಟ್ಟಣದ ನಾಲೆಯ ಬಯಲಿನಲ್ಲಿ ಕಬ್ಬಿನ ಗದ್ದೆಯೊಳಗೇ ಚಿರತೆ ಮರಿ ಹಾಕುವುದುಂಟು. ಮೇಲುಕೋಟೆಯ ಸುತ್ತಣ ಕಾಡನ್ನು 1974ರಲ್ಲಿ ತೋಳಗಳ ರಕ್ಷಣೆಗೆಂದೇ ವನ್ಯಧಾಮ ಮಾಡಿದರು. 1972ರ ವನ್ಯಜೀವಿ ಕಾಯಿದೆಯಂತೆ ತೋಳವನ್ನಾಗಲಿ ಚಿರತೆಯನ್ನಾಗಲಿ ಕೊಲ್ಲುವುದು, ವಿಷ ಇಡುವುದು, ಉರುಳು ಒಡ್ಡುವುದು ಅಪರಾಧ. ಅಂದಮೇಲೆ ಕುರಿಯನ್ನು ಉಳಿಸಿಕೊಳ್ಳಲು ನಮಗಿರುವ ದಾರಿಗಳು ಮೂರು: ಗಟ್ಟಿ ಹಟ್ಟಿ, ಎಚ್ಚರದ ಮನುಷ್ಯ, ತಕ್ಕ ನಾಯಿ. ಈ ಮೂರನೆಯದರ ಚರಿತ್ರೆಯನ್ನು ಇವತ್ತು ಸ್ವಲ್ಪ ನೋಡೋಣ. ಅದರಲ್ಲಿ ನಮಗೆ ಬೇಕಾದ ಬುದ್ಧಿಮಾತು ಇದೆ.

ಮೊದಲು ನಮ್ಮ ಜಿಲ್ಲೆಯ ಕಥೆ. ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಅಂತ ಒಂದು ಊರಿದೆ. ಸಾವಿರ ವರ್ಷದ ಹಿಂದೆ, ಕ್ರಿ.ಶ. 949-50ರ ಹೊತ್ತಿಗೆ, ತಕ್ಕೋಲಂ ಎಂಬಲ್ಲಿ ದೊಡ್ಡ ಯುದ್ಧವಾಯಿತು. ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಗಂಗರ ಇಮ್ಮಡಿ ಬೂತುಗನೂ ಒಂದು ಕಡೆ, ಚೋಳರ ರಾಜಾದಿತ್ಯ ಇನ್ನೊಂದು ಕಡೆ. ಆ ಯುದ್ಧದಲ್ಲಿ ಮಣಲೆರ ಎಂಬ ವೀರ ಬಹಳ ಪರಾಕ್ರಮ ತೋರಿದ. ಒಡೆಯ ಮೆಚ್ಚಿ, "ಏನು ಬೇಕೋ ಬೇಡಿಕೋ" ಎಂದಾಗ ಅವನು ಮೊದಲು ಕೇಳಿದ್ದು ಹೊನ್ನಲ್ಲ, ಊರಲ್ಲ, ಕಾಳಿ ಎಂಬ ಹೆಸರಿನ ಬೇಟೆನಾಯಿಯನ್ನು! ಆಮೇಲೆ ಒಂದು ದಿನ ಆ ಕಾಳಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಹೋರಾಡಿ ಒಟ್ಟಿಗೇ ಸತ್ತವು. ಆ ನಾಯಿಗಾಗಿ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನೆಟ್ಟರು, ಪೂಜೆಗೆ ಭೂಮಿ ಬಿಟ್ಟರು. ಕಲ್ಲಿಗೆ ಪೂಜೆ ಮಾಡದೆ ಉಣ್ಣುವ ಪೂಜಾರಿಗೆ ನಾಯಿಯ ಪಾಪ ತಟ್ಟುವುದೆಂದೂ ಬರೆಸಿದರು. ನಾಯಿಯೂ ಹಂದಿಯೂ ಕಾದಾಡುವ ಚಿತ್ರವಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ನಮ್ಮ ನೆಲದಲ್ಲಿ ನಾಯಿಗೆ ಎಷ್ಟು ಮರ್ಯಾದೆ ಇತ್ತು ನೋಡಿದಿರಾ? ಆದರೆ ಒಂದು ಮಾತು ಗಮನಿಸಬೇಕು. ಕಾಳಿ ಬೇಟೆನಾಯಿ. ಅದರ ಗುಣ ಅಟ್ಟಿಸಿಕೊಂಡು ಹೋಗಿ ಹಿಡಿಯುವುದು. ಆ ಗುಣದ ನಾಯಿಯನ್ನು ಕುರಿಮಂದೆಯಲ್ಲಿ ಬಿಟ್ಟರೆ ಏನಾದೀತು?

ಇದಕ್ಕೆ ಉತ್ತರ ಎರಡು ಸಾವಿರ ವರ್ಷದ ಹಿಂದೆಯೇ ಸಿಕ್ಕಿದೆ. ರೋಮ್ ದೇಶದಲ್ಲಿ ವಾರ್ರೊ ಎಂಬ ಪಂಡಿತನಿದ್ದ. ಕ್ರಿ.ಪೂ. 37ರಲ್ಲಿ, 80ರ ಇಳಿವಯಸ್ಸಿನಲ್ಲಿ, ಹೊಲ ಕೊಂಡಿದ್ದ ತನ್ನ ಹೆಂಡತಿಗೆ ಉಪಯೋಗವಾಗಲೆಂದು ಬೇಸಾಯದ ಪುಸ್ತಕ ಬರೆಯಲು ಕೂತ. ಅದರಲ್ಲಿ ಮಂದೆಯ ನಾಯಿಗೆಂದೇ ಒಂದು ಭಾಗವಿದೆ. ಬೇಟೆಗಾರನ ಹತ್ತಿರವಾಗಲಿ ಕಟುಕನ ಹತ್ತಿರವಾಗಲಿ ಮಂದೆಗೆ ನಾಯಿ ಕೊಳ್ಳಬೇಡಿ ಅನ್ನುತ್ತಾನೆ ಅವನು. ಕಟುಕನ ನಾಯಿ ಮಂದೆಯ ಹಿಂದೆ ನಡೆಯಲು ಸೋಮಾರಿ. ಬೇಟೆಗಾರನ ನಾಯಿ ಮೊಲ ಕಂಡರೆ ಸಾಕು, ಕುರಿ ಬಿಟ್ಟು ಓಡುತ್ತದೆ. ಕಾಡುಮೃಗ ಕುತ್ತಿಗೆಗೆ ಬಾಯಿ ಹಾಕದಂತೆ ಮೊಳೆ ಹೊಡೆದ ತೊಗಲಿನ ಪಟ್ಟಿ ಕಟ್ಟಬೇಕು, ಮೊಳೆಯ ತಲೆ ನಾಯಿಗೇ ಒತ್ತದ ಹಾಗೆ ಒಳಗಡೆ ಮೆತ್ತನೆಯ ಚರ್ಮ ಹೊಲಿಯಬೇಕು ಎಂದೂ ಹೇಳಿದ್ದಾನೆ. ಅವನು ಹೇಳುವ ಇನ್ನೊಂದು ಸಂಗತಿ: ಒಬ್ಬ ಸಾಹುಕಾರ ದೂರದ ಸೀಮೆಯಲ್ಲಿ ಕುರಿಮಂದೆಯನ್ನು ನಾಯಿಗಳ ಸಮೇತ ಕೊಂಡ. ಹಳೆಯ ಕುರುಬರು ಮಂದೆಯನ್ನು ಹೊಸ ಹುಲ್ಲುಗಾವಲಿಗೆ ಮುಟ್ಟಿಸಿ ಊರಿಗೆ ಮರಳಿದರು. ಕೆಲವು ದಿನದ ಮೇಲೆ ನಾಯಿಗಳೂ, ಹಲವು ದಿನದ ಹಾದಿಯನ್ನು ತಾವೇ ನಡೆದು, ಆ ಕುರುಬರ ಬಳಿಗೇ ಬಂದುಬಿಟ್ಟವು! ನಾಯಿಯನ್ನು ದುಡ್ಡು ಕೊಟ್ಟು ತರಬಹುದು. ಅದರ ನಂಟನ್ನು ನಾವೇ ಬೆಳೆಸಬೇಕು.

ನಮ್ಮ ನಾಡಿನ ಹೆಸರಾದ ತಳಿ ಮುಧೋಳದ ನಾಯಿ. ಮುಧೋಳದ ಘೋರ್ಪಡೆ ಅರಸರು ಅದನ್ನು ಪೋಷಿಸಿ ಬೆಳೆಸಿದರು. ರಾಜಾ ಮಾಲೋಜಿರಾವ್ ಘೋರ್ಪಡೆಯವರು ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಒಂದು ಜೊತೆಯನ್ನು ಕಾಣಿಕೆ ಕೊಟ್ಟರು. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ತಂದಿತು. ನಮಗೆಲ್ಲ ಹೆಮ್ಮೆಯ ನಾಯಿ, ಸರಿ. ಆದರೆ ಅದೂ ಕಣ್ಣಿನಿಂದ ಗುರಿ ಹಿಡಿದು ಓಡುವ ಬೇಟೆಯ ತಳಿ. "ಒಳ್ಳೆ ತಳಿ" ಎಂಬ ಒಂದೇ ಕಾರಣಕ್ಕೆ ಅದನ್ನು ಮಂದೆಗೆ ಕಟ್ಟುವುದು, ಗಾಡಿ ಎತ್ತನ್ನು ಹಾಲು ಕರೆಯಲು ಕಟ್ಟಿದ ಹಾಗೆ.

ಹಾಗಾದರೆ ಮಂದೆಯ ನಾಯಿ ಯಾವುದು? ಅದರಲ್ಲೂ ಎರಡು ಬಗೆ ಉಂಟು. ಒಂದು, ಮಂದೆ ಕಾಯುವ ನಾಯಿ. ಇನ್ನೊಂದು, ಮಂದೆ ತಿರುಗಿಸುವ ನಾಯಿ.

ನಮ್ಮ ಕುರುಬರ ಹಟ್ಟಿಯ ನಾಯಿ ಮೊದಲನೆಯ ಬಗೆಯದು. ಇಲ್ಲಿ ಮಂದೆ ನಡೆಸುವುದು ಮನುಷ್ಯನ ಕೂಗು, ಕೋಲು. ನಾಯಿ ಮಂದೆಯ ಜೊತೆ ಹೋಗುತ್ತದೆ, ರಾತ್ರಿ ಹಟ್ಟಿಯ ಸುತ್ತ ಮಲಗುತ್ತದೆ, ವಾಸನೆ ಬಂದರೆ ಬೊಗಳಿ ಎಬ್ಬಿಸುತ್ತದೆ. ಇಂಥ ನಾಯಿಯನ್ನು ಪಳಗಿಸುವ ಬಗೆಯನ್ನು ಜೀವವಿಜ್ಞಾನಿ ಚಾರ್ಲ್ಸ್ ಡಾರ್ವಿನ್ 1833ರಲ್ಲಿ ದಕ್ಷಿಣ ಅಮೆರಿಕದ ಉರುಗ್ವೆ ಸೀಮೆಯಲ್ಲಿ ಕಂಡು ಬರೆದಿಟ್ಟಿದ್ದಾನೆ. ಅಲ್ಲಿಯವರು ಎಳೆಯ ಮರಿಯನ್ನು ತಾಯಿಯಿಂದ ಬೇರೆ ಮಾಡಿ, ದಿನಕ್ಕೆ ಮೂರು ನಾಲ್ಕು ಸಾರಿ ಕುರಿಯ ಹಾಲನ್ನೇ ಕುಡಿಸುತ್ತಿದ್ದರು. ಹಟ್ಟಿಯೊಳಗೇ ಕುರಿತುಪ್ಪಟದ ಹಾಸಿಗೆ. ಬೇರೆ ನಾಯಿಗಳ ಜೊತೆ, ಮನೆಯ ಮಕ್ಕಳ ಜೊತೆ ಆಟಕ್ಕೆ ಬಿಡುತ್ತಿರಲಿಲ್ಲ. ಹೀಗೆ ಬೆಳೆದ ನಾಯಿ ಕುರಿಯನ್ನೇ ತನ್ನ ಬಳಗ ಅಂದುಕೊಳ್ಳುತ್ತಿತ್ತು. ಊಟಕ್ಕೆ ಮನೆಯ ಹತ್ತಿರ ಬಂದಾಗ ಮನೆನಾಯಿಗಳು ಅದನ್ನು ಅಟ್ಟುತ್ತಿದ್ದವು, ಅದು ಬಾಲ ಮುದುರಿ ಓಡುತ್ತಿತ್ತು. ಮಂದೆ ಮುಟ್ಟಿದ ಕ್ಷಣವೇ ತಿರುಗಿ ನಿಂತು ಬೊಗಳಿದರೆ ಮನೆನಾಯಿಗಳೇ ಪಲಾಯನ! ಇದರಲ್ಲಿ ಮಂತ್ರವಿಲ್ಲ. ಹುಟ್ಟಿದ ಮೂರು ವಾರದಿಂದ ಸುಮಾರು ಮೂರು ತಿಂಗಳವರೆಗೆ ಮರಿ ಯಾರ ಜೊತೆ ಬೆಳೆಯುತ್ತದೋ ಅವರನ್ನೇ ತನ್ನವರೆಂದು ತಿಳಿಯುತ್ತದೆ. ಆ ಕಾಲ ದಾಟಿದ ಮೇಲೆ ಈ ನಂಟು ಕೂಡಿಸುವುದು ಬಲು ಕಷ್ಟ.

ಎರಡನೆಯ ಬಗೆಯ ನಾಯಿ, ಮಂದೆ ತಿರುಗಿಸುವುದು, ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಗಡಿಯ ಗುಡ್ಡಗಳಲ್ಲಿ ಬೆಳೆದು ಬಂತು. ಅಲ್ಲಿ ತೋಳದ ಕಾಟ ಎಂದೋ ಮುಗಿದಿತ್ತು. ಗುಡ್ಡದ ತುಂಬ ಚೆದುರಿದ ಕುರಿಯನ್ನು ಒಬ್ಬನೇ ಕುರುಬ ಕೂಡಿಸಬೇಕಾಗಿತ್ತು. ಅದಕ್ಕೆ ಬಾರ್ಡರ್ ಕೋಲಿ ಎಂಬ ನಾಯಿ. ಅದು ಬೊಗಳುವುದಿಲ್ಲ, ಕಚ್ಚುವುದಿಲ್ಲ. ತಲೆ ತಗ್ಗಿಸಿ, ಹೊಂಚು ಹಾಕುವ ಹಾಗೆ ನಡೆದು, ಬರಿಯ ನೋಟದಿಂದಲೇ ಕುರಿಯನ್ನು ಸರಿಸುತ್ತದೆ. 1893ರಲ್ಲಿ ನಾರ್ತಂಬರ್ಲೆಂಡಿನಲ್ಲಿ ಆಡಮ್ ಟೆಲ್ಫರ್ ಎಂಬಾತನ ಮನೆಯಲ್ಲಿ ಹುಟ್ಟಿದ ಹೆಂಪ್ ಎಂಬ ಗಂಡು ಈ ತಳಿಗೆ ಮೂಲಪುರುಷ. ಅದರ ತಂದೆ ರಾಯ್ ಸಾಧು ಸ್ವಭಾವದ್ದು, ನೋಟದ ಬಿಗಿ ಇರಲಿಲ್ಲ. ತಾಯಿ ಮೆಗ್‌ಗೆ ನೋಟದ ಬಿಗಿ ಅತಿಯಾಯಿತು, ನಾಚಿಕೆಯ ಸ್ವಭಾವ. ಒಂದರ ಕೊರೆಯನ್ನು ಇನ್ನೊಂದರ ಗುಣ ತುಂಬುವ ಹಾಗೆ ಕೂಡಿಸಿದ್ದರ ಫಲ ಹೆಂಪ್. ಅದು 1901ರಲ್ಲಿ ಸಾಯುವ ವೇಳೆಗೆ 200ಕ್ಕೂ ಹೆಚ್ಚು ಮರಿಗಳಿಗೆ ತಂದೆಯಾಗಿತ್ತು.

ಆ ಜನ ಮಾಡಿದ ಜಾಣತನ ಇನ್ನೊಂದಿದೆ. 1873ರಲ್ಲಿ ವೇಲ್ಸ್ ಸೀಮೆಯ ಬಾಲ ಎಂಬ ಊರಿನಲ್ಲಿ ಕುರಿನಾಯಿಗಳ ಪಂದ್ಯ ಏರ್ಪಡಿಸಿದರು. ಚೆಂದದ ಪಂದ್ಯವಲ್ಲ, ಕೆಲಸದ ಪಂದ್ಯ. 1906ರಲ್ಲಿ ಅಂತರರಾಷ್ಟ್ರೀಯ ಕುರಿನಾಯಿ ಸಂಘ ಸ್ಥಾಪಿಸಿದರು. ಆ ಸಂಘದ ಪುಸ್ತಕದಲ್ಲಿ ನಾಯಿಗಳ ವಂಶ ದಾಖಲಾಗುತ್ತದೆ. ವಂಶ ಗೊತ್ತಿಲ್ಲದ ನಾಯಿಯೂ ಕೆಲಸದಲ್ಲಿ ಗೆದ್ದು ತೋರಿಸಿದರೆ ಅದಕ್ಕೂ ಅಲ್ಲಿ ಜಾಗವುಂಟು. ಈ ತಳಿಯ ಬುನಾದಿ ಕೆಲಸ, ವಂಶಾವಳಿ ಅದರ ಲೆಕ್ಕ. ಇಂಥ ನಾಯಿಯನ್ನು ತಂದು ಹಿತ್ತಲಲ್ಲಿ ಕಟ್ಟಿದರೆ, ಕೆಲಸವಿಲ್ಲದ ಅದು ಕೋಳಿ, ಮಕ್ಕಳು, ಬೈಸಿಕಲ್ಲು ಎಲ್ಲವನ್ನೂ ತಿರುಗಿಸಲು ಹೊರಡುತ್ತದೆ. ನಮ್ಮ ಬಿಸಿಲಿಗೆ ಅದರ ದಟ್ಟ ತುಪ್ಪಟ ಭಾರ. ಚಿರತೆಗೆ ಎದುರು ನಿಲ್ಲುವುದು ಅದರ ಕಸುಬೂ ಅಲ್ಲ.

"ಅವರು ಪುಸ್ತಕ ಇಟ್ಟರು, ನಮಗೆಲ್ಲಿ ಬರುತ್ತೆ ಅದು?" ಅನ್ನಬೇಡಿ. 1610ರಿಂದ 1799ರವರೆಗೆ ರಾಜಧಾನಿಯಾಗಿದ್ದ ಶ್ರೀರಂಗಪಟ್ಟಣದಲ್ಲೇ ಆ ಕೆಲಸ ನಡೆದಿದೆ, ದನಗಳ ವಿಷಯದಲ್ಲಿ. ಚಿಕ್ಕದೇವರಾಜ ಒಡೆಯರು ಆಳಿದ್ದು 1673ರಿಂದ 1704ರವರೆಗೆ. ಅವರ ಕಾಲದಲ್ಲಿ ಬೆಣ್ಣೆ ಚಾವಡಿ ಎಂಬ ಇಲಾಖೆ ಅರಮನೆಯ ದನಗಳನ್ನು ಕಾವಲುಗಳಲ್ಲಿ ಸಾಕುತ್ತಿತ್ತು. ಹೈದರಾಲಿ ಆ ಎತ್ತುಗಳನ್ನು ಸೈನ್ಯದ ಸಾಗಣೆಗೆ ಹೂಡಿದ. ಟಿಪ್ಪು ಸುಲ್ತಾನ ಅಮೃತಮಹಲ್ ಎಂದು ಹೆಸರಿಟ್ಟು ಕಟ್ಟುಕಟ್ಟಳೆ ಮಾಡಿದ. ಫಿರಂಗಿ ಎಳೆದುಕೊಂಡು ಬಿರುಸಾಗಿ ನಡೆಯುವುದೇ ಆ ತಳಿಯ ಪರೀಕ್ಷೆ. 1799ರ ನಂತರ ದನಗಳು ಸೊರಗಿದವು; ಮತ್ತೆ ಕಟ್ಟುನಿಟ್ಟು ತಂದಾಗ ಚೇತರಿಸಿಕೊಂಡವು. 1860ರಲ್ಲಿ ಖರ್ಚು ಉಳಿಸಲು ಬ್ರಿಟಿಷ್ ಸರ್ಕಾರ ಮಂದೆಯನ್ನೇ ಮಾರಿಹಾಕಿತು. ಒಳ್ಳೆಯ ಎತ್ತು ಸಿಗದೆ ಪೇಚಾಡಿ, 1866ರಲ್ಲಿ ಹಳೆಯ ದನಗಳನ್ನು ಹುಡುಕಿ ಕೂಡಿಸಿ ಪುನಃ ಆರಂಭಿಸಬೇಕಾಯಿತು. ತಳಿ ಕೆಡಿಸಲು ಒಂದು ಸಂತೆ ಸಾಕು, ಕಟ್ಟಲು ತಲೆಮಾರು ಬೇಕು. ಮಳವಳ್ಳಿ ತಾಲ್ಲೂಕಿನ ಬಂಡೂರಿನ ಹೆಸರು ಹೊತ್ತ ನಮ್ಮ ಗಿಡ್ಡಕಾಲಿನ, ಮೈತುಂಬಿದ ಕುರಿಯನ್ನೇ ನೋಡಿ. ಕಂಡ ಕಂಡ ಟಗರಿಗೆ ಬಿಟ್ಟು ಶುದ್ಧ ಬಂಡೂರು ಕುರಿ ಈಗ ಅಪರೂಪವಾಗಿದೆ.

ಹಾಗಾದರೆ ನಾವು ಮಾಡಬೇಕಾದ್ದೇನು? ನಮ್ಮ ಹಟ್ಟಿಯ ನಾಯಿಗಳಲ್ಲೇ ತಳಿ ಕಟ್ಟಬಹುದು. ಸುತ್ತಣ ನಾಲ್ಕೈದು ಹಳ್ಳಿಯ ಕುರಿಗಾರರು ಕೂಡಿ, ಕುರಿ ಕಚ್ಚದ, ಮಂದೆ ಬಿಟ್ಟು ಅಲೆಯದ, ರಾತ್ರಿ ಎಚ್ಚರವಿರುವ ನಾಯಿಗಳನ್ನು ಗುರುತಿಸಿ. ಅಂಥ ತಾಯಿಗೆ, ನಂಟಲ್ಲದ ಅಂಥದೇ ಗಂಡನ್ನು ಕೂಡಿಸಿ. ಅಣ್ಣತಂಗಿ, ತಂದೆಮಗಳನ್ನು ಕೂಡಿಸಬೇಡಿ. ಮೊದಲ ಬೆದೆಗೇ ಬಿಡದೆ ಎರಡು ವರ್ಷ ತುಂಬಲಿ. ಗಬ್ಬ ನಿಂತು ಸುಮಾರು 63 ದಿನಕ್ಕೆ ಮರಿ ಹಾಕುತ್ತದೆ. ಹಟ್ಟಿಯ ಮೂಲೆಯಲ್ಲೇ ಮರಿ ಹಾಕಿಸಿ, ಎಂಟು ವಾರದ ಹೊತ್ತಿಗೆ ಮರಿಯನ್ನು ಸಾಧು ಕುರಿಗಳ ನಡುವೆ ಬಿಡಿ. ಕುರಿಮರಿಯನ್ನು ಅಟ್ಟಿ ಆಡತೊಡಗಿದರೆ ಆಗಲೇ ಗದರಿಸಿ ಬಿಡಿಸಿ, ನಗುತ್ತಾ ನೋಡುತ್ತ ಕೂರಬೇಡಿ. ತಾಯಿ ಯಾವುದು, ತಂದೆ ಯಾವುದು, ಹುಟ್ಟಿದ ದಿನ ಯಾವುದು, ಮರಿ ಯಾರ ಮನೆಗೆ ಹೋಯಿತು, ಕೆಲಸ ಹೇಗಿದೆ, ಇಷ್ಟನ್ನು ಮಕ್ಕಳ ಕೈಯಲ್ಲಿ ಒಂದು ನೋಟುಪುಸ್ತಕದಲ್ಲಿ ಬರೆಸಿ. ಕೆಲಸಕ್ಕೆ ಬಾರದ ನಾಯಿಗೆ ಪಶು ಆಸ್ಪತ್ರೆಯಲ್ಲಿ ಸಂತಾನಹರಣ ಚಿಕಿತ್ಸೆ ಮಾಡಿಸಿದರೆ, ಮನೆ ಕಾಯಲು ಅದು ಸಾಕು.

ಮೂರು ಎಚ್ಚರಿಕೆ. ಒಂದೇ ನಾಯಿ ಚಿರತೆಗೆ ತುತ್ತು, ಎರಡು ಮೂರಾದರೂ ಇರಲಿ. ರಾತ್ರಿ ಕುರಿಯನ್ನು ಮುಚ್ಚಿದ ಹಟ್ಟಿಯಲ್ಲೇ ಕೂಡಿ, ನಾಯಿಯನ್ನು ಬಯಲಲ್ಲಿ ಸರಪಳಿಗೆ ಕಟ್ಟಬೇಡಿ. ಸತ್ತ ಕುರಿಯ ತಲೆಯನ್ನು ಹಸಿಯಾಗಿ ನಾಯಿಗೆ ಎಸೆಯಬೇಡಿ. ಅದರಿಂದ ನಾಯಿಯ ಹೊಟ್ಟೆಯಲ್ಲಿ ಲಾಡಿಹುಳ ಬೆಳೆದು, ಅದರ ಮೊಟ್ಟೆ ಹುಲ್ಲಿಗೆ ಬಿದ್ದು, ಮೇದ ಕುರಿಯ ಮೆದುಳಿನಲ್ಲಿ ನೀರುಗುಳ್ಳೆಯಾಗುತ್ತದೆ. ಕುರಿ ಸುತ್ತಿ ಸುತ್ತಿ ಬೀಳುವುದು ಈ ರೋಗದಿಂದಲೂ ಉಂಟು. ವೈದ್ಯರನ್ನು ಕೇಳಿ ನಾಯಿಗೆ ಕಾಲಕಾಲಕ್ಕೆ ಹುಳುವಿನ ಔಷಧಿ ಕೊಡಿ, ವರ್ಷಕ್ಕೊಮ್ಮೆ ಹುಚ್ಚುರೋಗದ ಚುಚ್ಚುಮದ್ದು ತಪ್ಪದೆ ಹಾಕಿಸಿ.

ಆತಕೂರಿನ ಕಾಳಿಗೆ ಕಲ್ಲು ನೆಟ್ಟರು. ಅದರ ತಾಯಿ ಯಾವುದು, ಅದರ ಮರಿಗಳು ಎಲ್ಲಿ ಹೋದವು, ಆ ಕಲ್ಲು ಹೇಳುವುದಿಲ್ಲ. ನಮ್ಮ ಹಟ್ಟಿಯ ನಾಯಿಗೆ ಕಲ್ಲು ಬೇಡ, ಎರಡಾಣೆ ಅಗಲದ ಒಂದು ಸಾಲು ಬರಹ ಸಾಕು. ಮುಂದಿನ ಸಾರಿ ಮರಿ ತರುವಾಗ ಬಣ್ಣ, ಕಿವಿ, ಬಾಲ ನೋಡುವ ಮೊದಲು ಅದರ ತಾಯಿ ರಾತ್ರಿ ಎಲ್ಲಿ ಮಲಗುತ್ತದೆ ಅಂತ ಹೋಗಿ ನೋಡಿ ಬನ್ನಿ. ಕುರಿಗಳ ನಡುವೆ ಮಲಗಿದ್ದರೆ, ಆ ಮರಿಯನ್ನು ತನ್ನಿ.